ಬಿಸಿಲಿಗಿಟ್ಟ ಕ್ಯೂಬಾದ ಚುಟ್ಟ

ನಮ್ಮ ಕರಾವಳಿಯವರ ಕೈಗೆ ಒಂದು ಚಾಳಿಯಿದೆ. ಯಾವ ವಸ್ತುವಿನ ಮೇಲೆ ಚೂರು ಬಿಳಿ ಕಂಡರೂ ಸಾಕು, ತಲೆಯನ್ನು ಒಂದು ಮಾತೂ ಕೇಳದೆ ಕೈ ಅದನ್ನು ಎತ್ತಿ ಬಿಸಿಲಿಗೆ ಹಾಕಿಬಿಡುತ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ಚಪ್ಪಲಿಗೆ ಬೂಸ್ಟು, ಬೆಲ್ಟಿಗೆ ಬೂಸ್ಟು, ಮದುವೆಯ ಕೋಟಿಗೆ ಬೂಸ್ಟು, ಗೋಡೆಯ ಮೇಲಿನ ಅಜ್ಜನ ಫೋಟೋಕ್ಕೂ ಬೂಸ್ಟು. ಮೊದಲ ಖಡಕ್ ಬಿಸಿಲು ಬಿದ್ದ ದಿನ ಮಣಿಪಾಲದ ನಮ್ಮ ಬೀದಿಯ ತಾರಸಿಗಳನ್ನು ನೋಡಬೇಕು. ಹಪ್ಪಳದ ಪಕ್ಕದಲ್ಲಿ ರೇಷ್ಮೆ ಸೀರೆ, ಸೀರೆಯ ಪಕ್ಕದಲ್ಲಿ ಒಣಮೆಣಸು, ಮೆಣಸಿನ ಪಕ್ಕದಲ್ಲಿ ಯಾರದೋ ಡಿಗ್ರಿ ಸರ್ಟಿಫಿಕೇಟು. ಇದರಲ್ಲೇನೂ ತಪ್ಪಿಲ್ಲ. ಆದರೆ ಹನ್ನೆರಡು ವರ್ಷ ಜೋಪಾನ ಮಾಡಿದ ಕ್ಯೂಬಾ ದೇಶದ ಸಿಗಾರೊಂದನ್ನು ಇದೇ ಚಾಳಿಯಿಂದ ಹಪ್ಪಳದ ಸಾಲಿನಲ್ಲಿ ಮಲಗಿಸಿ ಹಾಳುಗೆಡವಿದೆ ಎಂದರೆ ನೀವು ನಗುತ್ತೀರಿ. ನಗಿ. ನನ್ನ ಹೆಂಡತಿ ಜಯಂತಿ ಈಗಾಗಲೇ ನಕ್ಕು ಮುಗಿಸಿದ್ದಾಳೆ.

ನಾನು ಸೇದುವವನೆಂದು ತಿಳಿಯಬೇಡಿ. ಮೂವತ್ತೈದು ವರ್ಷ ಒಂದು ಮುದ್ರಣಾಲಯದಲ್ಲಿ ಪ್ರೂಫ್ ನೋಡಿದವನು ನಾನು. ಧೂಮಪಾನ ಆರೋಗ್ಯಕ್ಕೆ ಹಾನಿಕರ ಎಂಬ ವಾಕ್ಯವನ್ನು ಎಷ್ಟು ಸಲ ತಿದ್ದಿದ್ದೇನೋ ದೇವರಿಗೇ ಗೊತ್ತು. ತಿದ್ದಿ ತಿದ್ದಿ ಅದನ್ನು ನಂಬಿಯೂಬಿಟ್ಟೆ. ನಿವೃತ್ತನಾದ ಮೇಲೂ ಮದುವೆಯ ಕರೆಯೋಲೆ ಬಂದರೆ ಮೊದಲು ಪೆನ್ನು ಹುಡುಕುತ್ತೇನೆ, ಆಮೇಲೆ ಮದುವೆ ಯಾರದೆಂದು ನೋಡುತ್ತೇನೆ. ಊರಿನವರ ತಪ್ಪೆಲ್ಲ ನನಗೆ ಕಾಣುತ್ತದೆ. ನನ್ನದೊಂದು ತಪ್ಪು ಐವತ್ತು ವರ್ಷ ಹಾಗೆಯೇ ಉಳಿದುಬಿಟ್ಟಿತ್ತು. ಅದನ್ನು ಹೇಳಲಿಕ್ಕೇ ಇಷ್ಟು ಸುತ್ತು ಬಳಸುತ್ತಿದ್ದೇನೆ.

ಸಿಗಾರು ತಂದುಕೊಟ್ಟವನು ಕಲ್ಯಾಣಪುರದ ಗ್ರೆಗರಿ. ಉಡುಪಿಯ ಕಾಲೇಜಿನಲ್ಲಿ ನನ್ನ ಬೆಂಚಿನವನು. ಎರಡನೇ ವರ್ಷ ಪರೀಕ್ಷೆಗೆ ಬೆನ್ನು ತೋರಿಸಿ ಮುಂಬಯಿಗೆ ಹೋದವನು ಅಲ್ಲಿಂದ ಸರಕಿನ ಹಡಗು ಹತ್ತಿ ಅಡುಗೆಯವನಾದ. ಆಮೇಲೆ ಅವನು ಊರಿಗೆ ಬಂದದ್ದೆಲ್ಲ ನೆಂಟರಂತೆ. ಬಂದಾಗಲೆಲ್ಲ ನಾವಿಬ್ಬರೂ ಕಾಪುವಿನ ದೀಪಸ್ತಂಭದ ಕೆಳಗಿನ ಬಂಡೆಯ ಮೇಲೆ ಒಂದು ಸಂಜೆ ಕೂರುವುದು ಪದ್ಧತಿ. ಹನ್ನೆರಡು ವರ್ಷದ ಹಿಂದೆ ಹೀಗೆ ಕೂತಿದ್ದಾಗ ಅವನು ಜೇಬಿನಿಂದ ಎರಡು ಸಿಗಾರು ತೆಗೆದ. ಹಡಗು ಹವಾನಾದಲ್ಲಿ ನಿಂತಿದ್ದಾಗ ಮೀನುಸಾರಿನ ರುಚಿಗೆ ಮರುಳಾದ ಒಬ್ಬ ಮುದುಕ ಕೊಟ್ಟದ್ದಂತೆ. ಈ ಅಳತೆಯದನ್ನು ಸುತ್ತುವುದನ್ನೇ ಈಗ ನಿಲ್ಲಿಸಿದ್ದಾರಂತೆ, ದುಡ್ಡು ಕೊಟ್ಟರೂ ಸಿಗುವುದಿಲ್ಲವಂತೆ. ಒಂದನ್ನು ಅಲ್ಲೇ ಹಚ್ಚಿದೆವು. ಗೆಳೆಯನ ಮರ್ಯಾದೆಗೆಂದು ನಾನೂ ಎಳೆದೆ. ಹಸಿಮೆಣಸನ್ನು ಮೂಗಿನಿಂದ ತಿಂದಂತಾಯಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದು, ಪಕ್ಕದಲ್ಲಿ ಕಡಲೆ ಮಾರುತ್ತಿದ್ದವನು ನೀರು ತಂದುಕೊಟ್ಟ.

"ಇದು ಇನ್ನೂ ಎಳತು ಮಾರಾಯ," ಎಂದ ಗ್ರೆಗರಿ. "ಹಲಸಿನಕಾಯಿಯನ್ನು ಹಣ್ಣು ಅಂತ ತಿಂದ ಹಾಗೆ ಆಯಿತು ನಮ್ಮದು. ಇನ್ನೊಂದನ್ನು ನೀನು ಇಡು. ನಾನು ಹಡಗು ಬಿಟ್ಟು ಬಂದ ಮೇಲೆ ಒಟ್ಟಿಗೆ ಸೇದುವ. ನನ್ನ ಹತ್ತಿರ ಇದ್ದರೆ ಒಂದೋ ನಾನು ಸೇದಿ ಮುಗಿಸ್ತೇನೆ, ಇಲ್ಲದಿದ್ದರೆ ಹೆಂಡತಿ ಬಿಸಾಡ್ತಾಳೆ."

ಹೆಚ್ಚು ಒಣಗಬಾರದು, ಹೆಚ್ಚು ಒದ್ದೆಯಾಗಬಾರದು ಎಂಬುದು ಅವನ ಅಪ್ಪಣೆ. ನಮ್ಮ ಊರಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಮಳೆಗಾಲದಲ್ಲಿ ಸಿಗಾರನ್ನು ಗಾಜಿನ ಬಾಟಲಿಗೆ ಹಾಕಿ, ಬಾಟಲಿಯನ್ನು ಕುಚ್ಚಲಕ್ಕಿಯ ಡಬ್ಬದೊಳಗೆ ಹೂತಿಡುತ್ತಿದ್ದೆ. ಬೇಸಗೆಯಲ್ಲಿ ಡಬ್ಬದಿಂದ ಹೊರಗೆ ತೆಗೆದು, ಬಾಟಲಿಯ ಮುಚ್ಚಳದೊಳಗೆ ಒದ್ದೆ ಹತ್ತಿ ಅಂಟಿಸುತ್ತಿದ್ದೆ. ವಾರಕ್ಕೊಮ್ಮೆ ತೆರೆದು ಮೂಸುವುದು, ತಿರುಗಿಸಿ ಮಲಗಿಸುವುದು. "ನನ್ನ ಎರಡು ಬಾಣಂತನದಲ್ಲಿ ನೀವು ಇಷ್ಟು ಸಲ ಬಂದು ನೋಡಿದ್ದಿಲ್ಲ," ಎಂದು ಜಯಂತಿ ಹಂಗಿಸುತ್ತಿದ್ದಳು.

ಮನೆಗೆ ಬಂದವರಿಗೆ ಕಾಫಿಯ ನಂತರ ಬಾಟಲಿಯ ದರ್ಶನ ಕಡ್ಡಾಯ. ಕೆಂಪು ಬಂಗಾರದ ಕಾಗದದ ಉಂಗುರ ತೊಟ್ಟು ಮಲಗಿರುವ ಅದನ್ನು ತೋರಿಸಿ ನಾನು ಭಾಷಣ ಶುರು ಮಾಡುತ್ತಿದ್ದೆ. "ಮೆಷಿನ್ ಅಲ್ಲ, ಪೂರ್ತಿ ಕೈಯಲ್ಲೇ ಸುತ್ತಿದ್ದು. ಎಲೆಯ ನರ ನೋಡಿ. ಇಂಥ ಕೈ ಬರಲಿಕ್ಕೆ ಹತ್ತಿಪ್ಪತ್ತು ವರ್ಷ ಬೇಕು." ಬಂದವರು ತಲೆದೂಗುತ್ತಿದ್ದರು. ಆಗೆಲ್ಲ ನನ್ನ ಒಳಗೆ ಎಲ್ಲೋ ಒಂದು ಕಡೆ ಚುರುಕ್ ಎನ್ನುತ್ತಿತ್ತು. ಏಕೆಂದರೆ ಕೈಯಲ್ಲಿ ಸುತ್ತಿದ ಹೊಗೆಸೊಪ್ಪಿನಿಂದಲೇ ನಾನು ಬೆಳೆದದ್ದು, ಮತ್ತು ಅದನ್ನು ನಾನು ಮನೆಯ ಹೊರಗೆ ಯಾರಿಗೂ ಹೇಳಿರಲಿಲ್ಲ.

ನಮ್ಮ ಮನೆ ಕಾರ್ಕಳದ ಹತ್ತಿರದ ಕುಕ್ಕುಂದೂರಿನಲ್ಲಿತ್ತು. ಅಮ್ಮ ತೀರಿಕೊಂಡಾಗ ಗಿರಿಜಕ್ಕ ಐದನೇ ಕ್ಲಾಸು. ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತಳು. ನಮ್ಮ ಜಗಲಿಯ ನೆನಪೆಂದರೆ ನನಗೆ ಇಷ್ಟೇ: ಮಡಿಲಲ್ಲಿ ಮೊರದಂಥ ಗೆರಸೆ, ಗೆರಸೆಯಲ್ಲಿ ಹೊಗೆಸೊಪ್ಪಿನ ಹುಡಿ, ಪಕ್ಕದಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿದ ಬೀಡಿ ಎಲೆ, ಅಳತೆಗೆಂದು ಇಟ್ಟ ತಗಡಿನ ತುಂಡು, ಕತ್ತರಿಯ ಚರಕ್ ಚರಕ್. ಅಕ್ಕನ ಕಣ್ಣು ರಸ್ತೆಯ ಮೇಲಿರುತ್ತಿತ್ತು, ಬಾಯಿ ನೆರೆಮನೆಯವಳ ಜೊತೆ ಮಾತಾಡುತ್ತಿತ್ತು, ಬೆರಳುಗಳು ಮಾತ್ರ ತಮ್ಮ ಪಾಡಿಗೆ ತುಂಬಿ, ಸುತ್ತಿ, ನೂಲು ಬಿಗಿಯುತ್ತಿದ್ದವು. ಬೀಡಿಯ ಮೂತಿ ಮಡಚುವುದು ನನ್ನ ಕೆಲಸ. ಮಗ್ಗಿ ಹೇಳಿಕೊಂಡು ಮಡಚುತ್ತಿದ್ದೆ. ಸೀನು ಬಂದರೆ ಗೆರಸೆಯ ಕಡೆ ಸೀನಬಾರದು ಎಂಬುದು ನಾನು ಕಲಿತ ಮೊದಲ ಶಿಸ್ತು. ಹಾಗೆ ಕಟ್ಟಿ ಕಟ್ಟಿಯೇ ಅವಳು ಸದಾ ಎಂಬ ಈ ತಮ್ಮನನ್ನು ಉಡುಪಿಯ ಕಾಲೇಜಿಗೆ ಕಳಿಸಿದಳು.

ಕಾಲೇಜಿನ ಮೊದಲ ವಾರ ಗ್ರೆಗರಿ ಕೇಳಿದ್ದ, "ನಿನ್ನ ಅಕ್ಕ ಎಂತ ಮಾಡುವುದು?" ಅವನ ತಂದೆ ಶಾಲೆಯ ಹೆಡ್ಮಾಸ್ಟರು. ಅವನ ಅಂಗಿಯಿಂದ ಸಾಬೂನಿನ ಪರಿಮಳ ಬರುತ್ತಿತ್ತು. ನನ್ನ ಅಂಗಿಯಿಂದ ಬರುತ್ತಿದ್ದದ್ದು ಯಾವುದೆಂದು ನನಗೆ ಗೊತ್ತಿತ್ತು. ಹಿಂದೆಮುಂದೆ ನೋಡದೆ ಹೇಳಿಬಿಟ್ಟೆ, "ಹೊಲಿಗೆ ಟೀಚರ್." ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ಊರುಗೋಲು ಕೊಡುತ್ತಾ ಹೋಗಬೇಕಲ್ಲ. ಅಕ್ಕನಿಗೆ ವರ್ಗವಾಯಿತು, ಬಡ್ತಿ ಸಿಕ್ಕಿತು, ಗ್ರೆಗರಿಗೆ ನಾನು ಬರೆಯುವ ಪತ್ರಗಳಲ್ಲೇ ನಿವೃತ್ತಿಯೂ ಆಯಿತು. ನನ್ನ ಮದುವೆಯ ಹೊತ್ತಿಗೆ ಅವನು ಸಮುದ್ರದ ಮೇಲಿದ್ದ. ಹಾಗಾಗಿ ಅವರಿಬ್ಬರೂ ಭೇಟಿಯಾಗಲೇ ಇಲ್ಲ. ನಾನೂ ಭೇಟಿ ಮಾಡಿಸಲಿಲ್ಲ.

ಕಳೆದ ವಾರ ಗುರುವಾರ ಗ್ರೆಗರಿಯ ಫೋನು ಬಂತು. "ಬಂದಿದ್ದೇನೆ ಮಾರಾಯ. ಇನ್ನು ಹಡಗು ಹತ್ತುವುದಿಲ್ಲ. ಭಾನುವಾರ ಸಂಜೆ ಕಾಪುವಿಗೆ ಬಾ. ಆ ಮಗುವನ್ನೂ ಕರ್ಕೊಂಡು ಬಾ." ಮಗು ಎಂದರೆ ಸಿಗಾರು. ಸಡಗರದಿಂದ ಬಾಟಲಿ ತೆರೆದು ನೋಡುತ್ತೇನೆ, ಸಿಗಾರಿನ ಮೈಮೇಲೆ ಬೆಳ್ಳಗೆ ತೆಳುವಾದ ಹುಡಿ! ಹೋದ ಭಾನುವಾರ ಇರಲಿಲ್ಲ ಎಂದು ಆಣೆ ಮಾಡಿ ಹೇಳಬಲ್ಲೆ. ಹನ್ನೆರಡು ವರ್ಷ ಕಾದು ಕೊನೆಯ ಗಳಿಗೆಯಲ್ಲಿ ಬೂಸ್ಟು. ಮುಂದಿನದು ನಿಮಗೆ ಗೊತ್ತಿದೆ. ಶುಕ್ರವಾರ ಬೆಳಿಗ್ಗೆ ಅದನ್ನು ಒರೆಸಿ, ಜಯಂತಿಯ ಹಪ್ಪಳದ ಚಾಪೆಯ ಮೂಲೆಯಲ್ಲಿ ಮಲಗಿಸಿದೆ. ಹತ್ತೇ ನಿಮಿಷ ಎಂದುಕೊಂಡಿದ್ದೆ. ಅಷ್ಟರಲ್ಲಿ ಹಳೆಯ ಸಹೋದ್ಯೋಗಿಯೊಬ್ಬರು ಫೋನು ಮಾಡಿ ಯಾವುದೋ ಪಂಚಾಂಗದಲ್ಲಿ ಸಿಕ್ಕಿದ ತಪ್ಪುಗಳನ್ನು ಓದಿ ಹೇಳತೊಡಗಿದರು. ಇತರರ ತಪ್ಪು ಕೇಳುವುದೆಂದರೆ ನನಗೆ ಊಟ ಬೇಡ. ಮತ್ತೆ ತಾರಸಿ ಹತ್ತಿದಾಗ ಮಧ್ಯಾಹ್ನ ಎರಡು ಗಂಟೆ. ಹಪ್ಪಳ ಚೆನ್ನಾಗಿ ಒಣಗಿತ್ತು. ಸಿಗಾರು ನಡುವಿನಿಂದ ಬಾಯಿಗಿಡುವ ತುದಿಯವರೆಗೆ ಬಿರುಕು ಬಿಟ್ಟು, ಮೇಲಿನ ಎಲೆ ಎದ್ದು ನಿಂತಿತ್ತು.

ಕೆಳಗಿಳಿಯುವಷ್ಟರಲ್ಲಿ ಗ್ರೆಗರಿಯ ಎರಡನೇ ಫೋನು. "ಒಂದು ಹೇಳಲಿಕ್ಕೆ ಮರೆತೆ. ಮೇಲೆ ಬಿಳಿ ಹುಡಿ ಬಂದಿದ್ದರೆ ಹೆದರಬೇಡ, ಒರೆಸಲೂ ಬೇಡ. ಅದು ಚೆಂದ ಹಳತಾದ ಲಕ್ಷಣ. ಎಲ್ಲದಕ್ಕೂ ಬರುವುದಿಲ್ಲ ಅದು, ಪುಣ್ಯ ಬೇಕು."

ಆ ಪುಣ್ಯವನ್ನು ಆಗಷ್ಟೇ ಬನಿಯನ್ ಬಟ್ಟೆಯಲ್ಲಿ ಒರೆಸಿ ಬಂದಿದ್ದೆ.

ಹೊಗೆಸೊಪ್ಪಿನ ವಿಷಯದಲ್ಲಿ ಕೈಗುಣ ಇರುವವರು ನನಗೆ ಗೊತ್ತಿದ್ದದ್ದು ಒಬ್ಬರೇ. ಸಂಜೆಯ ಬಸ್ಸಿಗೆ ಕುಕ್ಕುಂದೂರಿಗೆ ಹೊರಟೆ. ಎಪ್ಪತ್ತೈದರ ಗಿರಿಜಕ್ಕ ಈಗ ಅಲ್ಲೇ ಮಗಳ ಮನೆಯಲ್ಲಿದ್ದಾಳೆ. ಕಣ್ಣು ಮಂಜಾದ ಮೇಲೆ ಬೀಡಿ ಕಟ್ಟುವುದನ್ನು ಬಿಟ್ಟಿದ್ದಾಳೆ. ನಾವು ಆಡುವುದು ತುಳು. ನೀವು ಓದಬೇಕಲ್ಲ ಎಂದು ನಮ್ಮ ಮಾತನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಎಂತ ಇದು, ಇಷ್ಟು ದಪ್ಪ?" ಎಂದು ಅಕ್ಕ ಕೈಗೆ ತೆಗೆದುಕೊಂಡಳು.

"ಚುಟ್ಟ. ಕ್ಯೂಬಾ ಅಂತ ಒಂದು ದೇಶ. ಅಲ್ಲಿಯದ್ದು."

"ಅಲ್ಲಿಯೂ ಕಟ್ಟುವವರು ಉಂಟಾ?"

"ಉಂಟು."

"ಹೆಂಗಸರಾ?"

"ಹೆಂಗಸರೂ ಇದ್ದಾರಂತೆ. ಕುರ್ಚಿಯಲ್ಲಿ ಕೂತು, ಮೇಜಿನ ಮೇಲೆ ಸುತ್ತುವುದಂತೆ."

"ಕುರ್ಚಿಯಲ್ಲಾ!" ಅಕ್ಕ ಸೊಂಟ ನೀವಿಕೊಂಡಳು. "ಹಾಗಾದರೆ ಸೊಂಟ ಉಳಿದಿರಬಹುದು ಅವರದ್ದು."

ಕಣ್ಣಿಗಿಂತ ಹೆಚ್ಚು ಬೆರಳಿನಿಂದ ಅವಳು ಅದನ್ನು ನೋಡಿದಳು. ಹೆಬ್ಬೆರಳನ್ನು ಉದ್ದಕ್ಕೂ ಓಡಿಸಿದಳು. ಕಿವಿಯ ಹತ್ತಿರ ಹಿಡಿದು ಮೆತ್ತಗೆ ಒತ್ತಿದಳು. "ಒಳ್ಳೆ ಕೈ," ಎಂದಳು. "ಬಿಗಿಯೂ ಅಲ್ಲ, ಸಡಿಲವೂ ಅಲ್ಲ, ಉದ್ದಕ್ಕೂ ಒಂದೇ ಸಮ ಉಂಟು. ಬಿಸಿಲಿಗೆ ಹಾಕಿದ್ದು ಯಾರು?"

"ನಾನೇ."

"ಬೀಡಿ ಕಟ್ಟುವ ಮನೆಯಲ್ಲಿ ಬೆಳೆದು ಎಲೆಯನ್ನು ಬಿಸಿಲಿಗೆ ಹಾಕಿದೆಯಾ, ಸದಾ? ನಿನ್ನನ್ನು ಓದಿಸಿದ್ದು ದಂಡ."

ಒದ್ದೆ ಬಟ್ಟೆಯನ್ನು ಹಿಂಡಿ ಒಂದು ಡಬ್ಬದಲ್ಲಿಟ್ಟು, ಅದಕ್ಕೆ ತಾಗದಂತೆ ಸಿಗಾರನ್ನು ಮಲಗಿಸಿ ಮುಚ್ಚಿದಳು. ಮುಟ್ಟಿಸಬಾರದಂತೆ, ಬಳಿಯಲ್ಲಿಟ್ಟರೆ ಬೇಕಾದಷ್ಟನ್ನು ಅದೇ ಕುಡಿಯುತ್ತದಂತೆ. ಹನ್ನೆರಡು ವರ್ಷ ನಾನು ಹತ್ತಿ, ಅಕ್ಕಿ, ಬಾಟಲಿ ಎಂದು ಒದ್ದಾಡಿದ್ದು ಅವಳಿಗೆ ಒಂದು ವಾಕ್ಯದ ವಿದ್ಯೆ. ಶನಿವಾರ ಬೆಳಿಗ್ಗೆ ನೋಡಿದರೆ ಎದ್ದು ನಿಂತಿದ್ದ ಎಲೆ ಮೆತ್ತಗಾಗಿತ್ತು. ಆದರೂ ಬಿರುಕು ಕೂಡುವಷ್ಟು ಎಲೆ ಉಳಿದಿರಲಿಲ್ಲ. ನೆರೆಮನೆಯಲ್ಲಿ ಈಗಲೂ ಬೀಡಿ ಕಟ್ಟುತ್ತಾರೆ. ಅಕ್ಕ ಅಲ್ಲಿಂದ ಒಂದು ಬೀಡಿ ಎಲೆ ತರಿಸಿ, ನರ ತೆಗೆದು, ಹಾಳೆಗಿಂತ ತೆಳುವಾದ ಪಟ್ಟಿ ಕತ್ತರಿಸಿದಳು. ಗಂಜಿಯ ತಿಳಿಯನ್ನು ಬೆರಳಿನಲ್ಲಿ ಸವರಿ ಬಿರುಕಿನ ಮೇಲೆ ಸುತ್ತಿದಳು. ಎಷ್ಟೋ ವರ್ಷದಿಂದ ಸುಮ್ಮನಿದ್ದ ಆ ಬೆರಳುಗಳು ಒಮ್ಮೆಯೂ ತಡವರಿಸಲಿಲ್ಲ. ಕೊನೆಗೆ ಅಭ್ಯಾಸಬಲದಿಂದ ಒಂದು ಸುತ್ತು ನೂಲೂ ಬಿಗಿದುಬಿಟ್ಟಳು. ಬಂಗಾರದ ಉಂಗುರದ ಮೇಲ್ಗಡೆ ಬೀಡಿಯ ನೂಲು. ನೋಡಲು ಚೆನ್ನಾಗಿಯೇ ಇತ್ತು.

"ಸೇದುವುದು ಯಾವಾಗ?" ಎಂದು ಕೇಳಿದಳು.

"ನಾಳೆ, ಕಾಪುವಿನಲ್ಲಿ. ನನ್ನ ಗೆಳೆಯನೊಟ್ಟಿಗೆ."

"ನಾನೂ ಬರ್ತೇನೆ."

"ನೀನು ಎಂತಕ್ಕೆ ಅಕ್ಕ? ದೂರ ಆಗ್ತದೆ."

"ಇಷ್ಟು ವರ್ಷ ಕಟ್ಟಿದೆ ನೋಡು. ಕಟ್ಟಿದ್ದು ಬೀಡಿ ಕಂಪೆನಿಯ ಬ್ರಾಂಚಿಗೆ ಹೋಯಿತು, ಅಲ್ಲಿಂದ ಎಲ್ಲಿಗೋ ಹೋಯಿತು. ಇದು ನನ್ನ ಕೈಯದ್ದು ಅಂತ ಗೊತ್ತಿದ್ದು ಒಬ್ಬರು ಸೇದುವುದನ್ನು ನಾನು ನೋಡಿಯೇ ಇಲ್ಲ. ಒಮ್ಮೆ ನೋಡಬೇಕು ನನಗೆ."

ಇದಕ್ಕೆ ಬೇಡ ಎನ್ನುವ ಬಾಯಿ ಯಾರಿಗಿದೆ? ಆದರೆ ಕಾಪುವಿನ ಬಂಡೆಯ ಮೇಲೆ ಕಾದು ಕೂತವನು ಅವಳನ್ನು ಟೀಚರ್ ಎಂದು ಕರೆಯುತ್ತಾನೆ. ತಮ್ಮ ತನ್ನ ಬಗ್ಗೆ ನಾಚಿಕೊಂಡಿದ್ದ ಎಂಬುದು ಅವಳಿಗೆ ಈ ವಯಸ್ಸಿನಲ್ಲಿ ತಿಳಿಯುತ್ತದೆ. ಗ್ರೆಗರಿಗೆ ಗೊತ್ತಾದರೆ ನನ್ನ ಮಾನ ಹೋದೀತು, ಹೋಗಲಿ. ಅಕ್ಕನ ಮುಖ ಬಾಡುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ಭಾನುವಾರ ಕಾರ್ಕಳದಿಂದ ಪಡುಬಿದ್ರಿಗೆ ಒಂದು ಬಸ್ಸು, ಅಲ್ಲಿಂದ ಕಾಪುವಿಗೆ ಇನ್ನೊಂದು. ದಾರಿಯಲ್ಲಿ ನಾನೇ ಹೇಳಿಬಿಡಬೇಕೆಂದು ನಿಶ್ಚಯಿಸಿದೆ. ನಿಟ್ಟೆ ದಾಟಿದ ಮೇಲೆ ಹೇಳೋಣ ಎಂದುಕೊಂಡೆ. ನಿಟ್ಟೆ ದಾಟಿತು. ಬೆಳ್ಮಣ್ಣಿನಲ್ಲಿ ಎಂದುಕೊಂಡೆ. ಬೆಳ್ಮಣ್ಣಿನಲ್ಲಿ ಬಸ್ಸು ತುಂಬಿತು. ಅಕ್ಕ ಕಿಟಕಿಯ ಪಕ್ಕ ಕೂತು, ಮಡಿಲಲ್ಲಿ ಡಬ್ಬ ಹಿಡಿದು, ಮದುವೆಗೆ ಹೊರಟವಳಂತೆ ಖುಷಿಯಾಗಿದ್ದಳು.

ಗ್ರೆಗರಿ ಬಂಡೆಯ ಮೇಲಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು, ನಗು ಮಾತ್ರ ಹಳೆಯದೇ. ಪರಿಚಯಿಸಲು ನಾನು ತಡವರಿಸುತ್ತಿರುವಾಗಲೇ ಎದ್ದು ಕೈ ಮುಗಿದ.

"ಓ, ಇವರೇ ಅಲ್ವಾ ಟೀಚರ್! ಇವನ ಕಾಗದದಲ್ಲಿ ಓದಿ ಓದಿ ನಿಮ್ಮ ಸರ್ವಿಸು ಪೂರ್ತಿ ಬಾಯಿಪಾಠ ನನಗೆ."

ಅಕ್ಕ ನನ್ನ ಕಡೆ ನೋಡಿದಳು. ಒಂದೇ ಒಂದು ಸಲ. ಮತ್ತೆ ಅವನ ಕಡೆ ತಿರುಗಿ, "ಹಾಂ, ಈಗ ಬಿಟ್ಟು ಆಯಿತು. ಕಣ್ಣು ಕಾಣುವುದಿಲ್ಲ," ಎಂದು ಸೆರಗು ಸರಿಮಾಡಿಕೊಂಡು ಕೂತಳು.

ಬಂಡೆ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿತು. ಗ್ರೆಗರಿ ಸಿಗಾರನ್ನು ಎತ್ತಿ ನೋಡಿ, ನೂಲನ್ನು ಮುಟ್ಟಿ ಹುಬ್ಬೇರಿಸಿ ಬಾಯಿಗಿಟ್ಟ. ಕಡಲ ಗಾಳಿಗೆ ಮೂರು ಕಡ್ಡಿ ಆರಿಹೋದವು. ನಾಲ್ಕನೆಯದಕ್ಕೆ ಅಕ್ಕ ಎರಡೂ ಕೈಗಳನ್ನು ಬೊಗಸೆ ಮಾಡಿ ಅಡ್ಡ ಹಿಡಿದಳು. ಸಿಗಾರು ಹತ್ತಿಕೊಂಡಿತು.

ಹನ್ನೆರಡು ವರ್ಷ ಅದಕ್ಕೆ ಏನು ಮಾಡಿತ್ತೋ! ಕೆಮ್ಮಿಸಿದ ಆ ಖಾರ ಎಲ್ಲಿಗೆ ಹೋಯಿತೋ ತಿಳಿಯದು. ಹೊಗೆ ಬಾಯಿಗೆ ಬಂದದ್ದೇ ಗೊತ್ತಾಗಲಿಲ್ಲ, ಅಷ್ಟು ಮೆದು. ಹಳೆಯ ಮರದ ಪೆಟ್ಟಿಗೆ ತೆರೆದಂಥ ವಾಸನೆ, ನಾಲಿಗೆಯ ತುದಿಯಲ್ಲಿ ಬೆಲ್ಲ ಕಾಯಿಸಿದ ಸಿಹಿ. ಸೇದಲು ಬಾರದ ನನಗೇ ಹೀಗಾದರೆ ಬಲ್ಲವನ ಪಾಡೇನು? ಗ್ರೆಗರಿ ಕಣ್ಣು ಮುಚ್ಚಿ ಕೂತಿದ್ದ. ಅಕ್ಕ ಬಗ್ಗಿ ಅವನ ಮುಖವನ್ನೇ ನೋಡುತ್ತಿದ್ದಳು.

"ಹೇಗುಂಟು?" ಎಂದು ಮೆಲ್ಲಗೆ ಕೇಳಿದಳು.

"ದೇವರಾಣೆ, ನಾನು ಈವರೆಗೆ ಇಂಥದ್ದು ಸೇದಿಲ್ಲ," ಎಂದ ಅವನು. ಅಕ್ಕನ ಮುಖ ಅರಳಿತು. ಆ ಮುಖವನ್ನು ನೋಡಿ ನನಗೆ ಸಂತೋಷವೂ ಆಯಿತು, ನಾಚಿಕೆಯೂ ಆಯಿತು.

ಬೆಂಕಿ ಇಳಿಯುತ್ತಾ ಅಕ್ಕ ಹಾಕಿದ ತೇಪೆಯ ಹತ್ತಿರ ಬಂತು. ಗ್ರೆಗರಿ ಒಂದು ದಮ್ಮು ಎಳೆದು ಅಲ್ಲಿಗೇ ನಿಲ್ಲಿಸಿದ. ಮೂಗು ಅರಳಿಸಿದ. ನಲವತ್ತು ವರ್ಷ ಹಡಗಿನ ಅಡುಗೆಮನೆಯಲ್ಲಿ ಪಳಗಿದ ಮೂಗು ಅದು.

"ನಿಲ್ಲು ಮಾರಾಯ. ಇದು ಕ್ಯೂಬಾ ಅಲ್ಲ. ಇದು ನಮ್ಮ ಕಡೆಯ ಬೀಡಿಯ ವಾಸನೆ."

"ಅದು ನೆರೆಮನೆಯವಳ ಎಲೆ," ಎಂದು ಅಕ್ಕ ಥಟ್ಟನೆ ಹೇಳಿದಳು. "ಅವಳು ಬೀಡಿ ಕಟ್ಟುವುದು. ಅವಳೇ ತೇಪೆ ಹಾಕಿಕೊಟ್ಟದ್ದು."

ನನ್ನ ಸುಳ್ಳನ್ನು ಉಳಿಸಲಿಕ್ಕೆ ಅಕ್ಕ ತನ್ನ ಕೈಯ ಕೆಲಸವನ್ನೇ ಬೇರೆಯವಳದೆಂದು ಹೇಳುತ್ತಿದ್ದಳು. ಅದನ್ನು ನೋಡಲೆಂದೇ ಅಷ್ಟು ದೂರ ಬಂದವಳು! ನನಗೆ ತಡೆಯಲಾಗಲಿಲ್ಲ.

"ಗ್ರೆಗರಿ, ಅಕ್ಕ ಟೀಚರ್ ಅಲ್ಲ," ಎಂದೆ. "ಬೀಡಿ ಕಟ್ಟುತ್ತಿದ್ದಳು. ನನ್ನನ್ನು ಓದಿಸಿದ್ದು ಅದರಲ್ಲೇ. ನನಗೆ ನಾಚಿಕೆಯಾಗಿ ನಿನಗೆ ಸುಳ್ಳು ಹೇಳಿದ್ದೆ. ಈ ತೇಪೆ ಹಾಕಿದ್ದೂ ಅವಳೇ, ನೂಲು ಕಟ್ಟಿದ್ದೂ ಅವಳೇ."

ಗ್ರೆಗರಿ ನನ್ನನ್ನೂ ಸಿಗಾರನ್ನೂ ನೋಡಿದ. "ನಾನು ಮದುವೆಯಾಗುವವರೆಗೆ ಹೆಂಡತಿಯ ಮನೆಯವರಿಗೆ ಹಡಗಿನ ಆಫೀಸರ್ ಅಂತ ಹೇಳಿಕೊಂಡಿದ್ದೆ," ಎಂದ. "ಅಡುಗೆಯವ ಅಂತ ಗೊತ್ತಾದದ್ದು ಮದುವೆಯ ಊಟದ ದಿನ." ಆಮೇಲೆ ಅಕ್ಕನ ಕಡೆ ತಿರುಗಿ, ತೇಪೆಯ ಜಾಗ ಬಿಡದೆ ಇನ್ನೊಂದು ದಮ್ಮು ಎಳೆದು, "ಅಕ್ಕ, ಇದೂ ಒಳ್ಳೆದುಂಟು," ಎಂದ.

ಅಕ್ಕ ಬೂದಿ ಉದುರದೆ ನಿಂತದ್ದನ್ನು ನೋಡುತ್ತಾ ಕೂತಿದ್ದಳು. ನಾನು ಅವಳ ಕೈ ಹಿಡಿದುಕೊಂಡೆ.

"ಎಂತ ಟೀಚರ್ ಅಂತ ಹೇಳಿದ್ದಿ?" ಎಂದು ಕೊನೆಗೆ ಕೇಳಿದಳು.

"ಹೊಲಿಗೆ."

"ಹೊಲಿಗೆಯಾ?" ಅಕ್ಕ ಕೈ ಬಿಡಿಸಿಕೊಳ್ಳಲಿಲ್ಲ. "ಹೇಗೂ ಸುಳ್ಳು ಹೇಳಿದ್ದಿ. ಲೆಕ್ಕದ ಟೀಚರ್ ಅಂತ ಹೇಳಬಾರದಿತ್ತಾ ಸದಾ? ನನಗೆ ಲೆಕ್ಕ ಅಂದರೆ ಭಾರೀ ಇಷ್ಟ ಇತ್ತು."

ಅರವತ್ತಾರು ವರ್ಷದಿಂದ ನಾನು ಅವಳ ತಮ್ಮ. ಇದು ನನಗೆ ಗೊತ್ತೇ ಇರಲಿಲ್ಲ.